ಬ್ಯಾಕ್ಟೀರಿಯದ ಗಾಣ: ಮೇದಾಮ್ಲ ಇಂಧನದ ಕಥೆ

ಹಿರೇಕೆರೂರು ಸೀಮೆಯ ಅಬಲೂರಿನ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ. ಅದು ಏಕಾಂತದ ರಾಮಯ್ಯನ ಕಥೆಯೊಂದಿಗೆ ಬೆಸೆದುಕೊಂಡ ಊರು. ಅಲ್ಲಿನ ಶಾಸನಗಳನ್ನು ಜೆ. ಎಫ್. ಫ್ಲೀಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಆ ಕಾಲದ ಕರ್ನಾಟಕದ ಶಾಸನಗಳನ್ನು ಓದುತ್ತ ಹೋದರೆ, ದೇವಾಲಯದ ನಂದಾದೀಪಕ್ಕೆಂದು ಎಣ್ಣೆಯನ್ನೋ ಗಾಣದ ಆದಾಯವನ್ನೋ ದತ್ತಿ ಬಿಟ್ಟ ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಎಣ್ಣೆ ಅಂದು ಅಡುಗೆಯ ವಸ್ತು ಮಾತ್ರವಲ್ಲ, ಬೆಳಕು ಕೊಡುವ ಇಂಧನವೂ ಆಗಿತ್ತು.

ಇಂದು ಅದೇ ಹಾವೇರಿ ಜಿಲ್ಲೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಮೆಕ್ಕೆಜೋಳ. ಮೆಕ್ಕೆಜೋಳದ ಕಾಳಿನಲ್ಲಿ ಪಿಷ್ಟವಿದೆ. ಪಿಷ್ಟವನ್ನು ಒಡೆದರೆ ಗ್ಲೂಕೋಸ್ ಸಕ್ಕರೆ ಸಿಗುತ್ತದೆ. ಆ ಸಕ್ಕರೆಯನ್ನು ತಿಂದು ಎಣ್ಣೆ ಮಾಡುವ ಜೀವಿಯೊಂದು ಇದ್ದರೆ? ಗಾಣವೂ ಬೇಡ, ಎಣ್ಣೆಬೀಜವೂ ಬೇಡ! ಇದು ಕಲ್ಪನೆಯಲ್ಲ. ಅಂತಹ ಬ್ಯಾಕ್ಟೀರಿಯವನ್ನು ವಿಜ್ಞಾನಿಗಳು ರೂಪಿಸಿ ಆಗಿದೆ. ಆದರೂ ನಿಮ್ಮ ಊರಿನ ಪೆಟ್ರೋಲ್ ಬಂಕಿಗೆ ಆ ಎಣ್ಣೆ ಬಂದಿಲ್ಲ. ಏಕೆ ಬಂದಿಲ್ಲ ಎಂಬುದನ್ನು ತಿಳಿಯಬೇಕಾದರೆ ಈ ವಿದ್ಯೆಯ ಇತಿಹಾಸವನ್ನು ಸ್ವಲ್ಪ ನೋಡಬೇಕು.

ಕಡಲೆಕಾಯಿ ಎಣ್ಣೆಯಿಂದ ಹೊಂಗೆಯವರೆಗೆ

ಎಣ್ಣೆಯಿಂದ ಎಂಜಿನ್ ಓಡಿಸುವ ವಿಚಾರ ಡೀಸೆಲ್ ಎಂಜಿನ್ನಿನಷ್ಟೇ ಹಳೆಯದು. ರುಡಾಲ್ಫ್ ಡೀಸೆಲ್ ಅವರ ಎಂಜಿನ್ 1897ರಲ್ಲಿ ಯಶಸ್ವಿಯಾಯಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ಆದರೆ ಸಸ್ಯದ ಎಣ್ಣೆ ಮಂದ. ಎಂಜಿನ್ನಿನ ಸಣ್ಣ ರಂಧ್ರಗಳಲ್ಲಿ ಅದು ಸರಿಯಾಗಿ ಸಿಂಪಡಣೆಯಾಗುವುದಿಲ್ಲ, ಮಸಿ ಕಟ್ಟುತ್ತದೆ.

ಈ ಮಂದತನಕ್ಕೆ ಕಾರಣ ಎಣ್ಣೆಯ ಅಣುವಿನ ರಚನೆ. ಎಣ್ಣೆಯ ಒಂದೊಂದು ಅಣುವೂ ಮೂರು ಬಾಲಗಳ ಒಂದು ಜೋಡಣೆ. ಬಾಲಗಳೇ ಮೇದಾಮ್ಲಗಳು, ಅಂದರೆ ಕೊಬ್ಬಿನ ಆಮ್ಲಗಳು. ಇಂಗಾಲದ ಪರಮಾಣುಗಳು ಸಾಲಾಗಿ ಪೋಣಿಸಿಕೊಂಡ ಸರಪಳಿಗಳು ಅವು. ಮೂರು ಬಾಲಗಳನ್ನೂ ಹಿಡಿದಿಡುವುದು ಗ್ಲಿಸರಾಲ್. ಎಣ್ಣೆಯನ್ನು ಮೆಥನಾಲಿನೊಂದಿಗೆ ವೇಗವರ್ಧಕ ಸೇರಿಸಿ ಕಾಯಿಸಿದರೆ ಗ್ಲಿಸರಾಲ್ ಕಳಚಿಕೊಂಡು, ಬಾಲಗಳು ಬಿಡಿಬಿಡಿಯಾಗಿ ಎಸ್ಟರುಗಳಾಗುತ್ತವೆ. ತೆಳ್ಳಗಿನ ಈ ಎಸ್ಟರೇ ಬಯೋಡೀಸೆಲ್. ತಾಳೆ ಎಣ್ಣೆಯಿಂದ ಇಂತಹ ಎಸ್ಟರ್ ತಯಾರಿಸಿ ಇಂಧನವಾಗಿ ಬಳಸುವ ವಿಧಾನಕ್ಕೆ ಬೆಲ್ಜಿಯಂನ ಜಿ. ಶವಾನ್ ಅವರಿಗೆ 1937ರಲ್ಲಿ ಪೇಟೆಂಟ್ ದೊರಕಿತು.

ನಮ್ಮ ರಾಜ್ಯದಲ್ಲಿ ಈ ವಿಚಾರ ಹೊಂಗೆ ಮರದ ಬುಡಕ್ಕೆ ಬಂದು ನಿಂತಿತು. ಹೊಂಗೆ ಎಣ್ಣೆ ಕಹಿ, ತಿನ್ನಲು ಬಾರದು. ಆದ್ದರಿಂದ ಅಡುಗೆಮನೆಯೊಂದಿಗೆ ಪೈಪೋಟಿ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ‘ಸೂತ್ರ’ ಎಂಬ ಯೋಜನೆಯ ಮೂಲಕ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ, ಕೊಳವೆಬಾವಿಯ ನೀರೆತ್ತಿಸಿ ತೋರಿಸಿದರು. ಹಾಸನ ಜಿಲ್ಲೆಯ ಮಡೇನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ತಲೆಯೆತ್ತಿತು. 2009ರಲ್ಲಿ ಕರ್ನಾಟಕ ಸರ್ಕಾರ ತನ್ನದೇ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರುಗಳಲ್ಲಿ ಗಿಡ ನೆಡುವ ಕಾರ್ಯಕ್ರಮಗಳು ನಡೆದವು.

ಆದರೆ ಮರಕ್ಕೆ ಅದರದೇ ಆದ ನಿಧಾನವಿದೆ. ಹೊಂಗೆ ಸರಿಯಾಗಿ ಕಾಯಿ ಬಿಡಲು ಹಲವು ವರ್ಷ ಬೇಕು. ಚದುರಿದ ಮರಗಳಿಂದ ಬೀಜ ಆಯ್ದು, ಒಣಗಿಸಿ, ಸುಲಿದು ಗಾಣಕ್ಕೆ ತಲುಪಿಸುವ ಕೂಲಿ ಬೇರೆ. ಇಡೀ ದೇಶವನ್ನು ತೆಗೆದುಕೊಂಡರೂ ಡೀಸೆಲ್ಲಿಗೆ ಬೆರೆತ ಬಯೋಡೀಸೆಲ್ಲಿನ ಪ್ರಮಾಣ ಶೇ. 1ನ್ನು ಮುಟ್ಟಲಿಲ್ಲ. ಮರ ಮಾಡುವ ಕೆಲಸವನ್ನು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯದಿಂದ ಮಾಡಿಸಬಾರದೇಕೆ ಎಂಬ ಪ್ರಶ್ನೆಗೆ ಇರುವ ಸೆಳೆತ ಈಗ ನಿಮಗೆ ಅರ್ಥವಾಗಿರಬಹುದು.

ಜೀವಕೋಶ ಕೊಬ್ಬನ್ನು ಕಟ್ಟುವ ಬಗೆ

ಬ್ಯಾಕ್ಟೀರಿಯದಿಂದ ಎಣ್ಣೆ ಮಾಡಿಸುವ ಮೊದಲು ಜೀವಕೋಶ ಮೇದಾಮ್ಲವನ್ನು ಹೇಗೆ ಕಟ್ಟುತ್ತದೆ ಎಂಬುದು ತಿಳಿಯಬೇಕಿತ್ತು. ಆ ಹುಡುಕಾಟ ಆರಂಭವಾದದ್ದು ಇಂಧನಕ್ಕಾಗಿ ಅಲ್ಲ, ಕುತೂಹಲಕ್ಕಾಗಿ.

1904ರಲ್ಲಿ ಜರ್ಮನಿಯ ಫ್ರಾಂಜ್ ಕ್ನೂಪ್ ಅವರು ನಾಯಿಗಳಿಗೆ ಗುರುತು ಹಚ್ಚಿದ ಮೇದಾಮ್ಲಗಳನ್ನು ತಿನ್ನಿಸಿ, ಮೂತ್ರದಲ್ಲಿ ಏನು ಹೊರಬೀಳುತ್ತದೆ ಎಂದು ಪರೀಕ್ಷಿಸಿದರು. ಗುರುತು ಎಂದರೆ ಸರಪಳಿಯ ತುದಿಗೆ ಅಂಟಿಸಿದ ಬೆಂಜೀನ್ ಉಂಗುರ. ಸರಪಳಿಯ ಇಂಗಾಲಗಳು ಸರಿಸಂಖ್ಯೆಯಲ್ಲಿದ್ದರೆ ಒಂದು ವಸ್ತು, ಬೆಸಸಂಖ್ಯೆಯಲ್ಲಿದ್ದರೆ ಇನ್ನೊಂದು ವಸ್ತು ದೊರಕಿತು. ದೇಹವು ಮೇದಾಮ್ಲವನ್ನು ಎರಡೆರಡು ಇಂಗಾಲಗಳ ತುಂಡುಗಳಾಗಿ ಕಡಿಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆ ಎರಡು ಇಂಗಾಲಗಳ ತುಂಡಿನ ನಿಜರೂಪವನ್ನು 1951ರಲ್ಲಿ ಫಿಯೋಡೋರ್ ಲೈನೆನ್ ಅವರು ಯೀಸ್ಟಿನಿಂದ ಬೇರ್ಪಡಿಸಿದರು. ಅದೇ ಅಸಿಟೈಲ್ ಕೋಎಂಜೈಮ್-ಎ. ಲೈನೆನ್ ಮತ್ತು ಕೊನ್ರಾಡ್ ಬ್ಲಾಕ್ ಇಬ್ಬರೂ 1964ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಕಡಿಯುವ ಕ್ರಮವನ್ನೇ ತಿರುವುಮುರುವಾಗಿ ನಡೆಸಿದರೆ ಕಟ್ಟುವ ಕ್ರಮವಾದೀತು ಎಂದು ಹಲವರು ಭಾವಿಸಿದ್ದರು. ಹಾಗಾಗಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಸಾಲಿಹ್ ವಕೀಲ್ ಅವರಿಗೆ ಒಂದು ಒಗಟು ಎದುರಾಯಿತು. ಮೇದಾಮ್ಲ ತಯಾರಾಗಲು ಇಂಗಾಲದ ಡೈಆಕ್ಸೈಡ್ ಬೇಕೇ ಬೇಕು. ಆದರೆ ತಯಾರಾದ ಮೇದಾಮ್ಲದಲ್ಲಿ ಅದರ ಇಂಗಾಲ ಕಾಣುವುದಿಲ್ಲ! 1958ರಲ್ಲಿ ಒಗಟು ಬಿಡಿಸಿಕೊಂಡಿತು. ಎರಡು ಇಂಗಾಲಗಳ ತುಂಡಿಗೆ ಡೈಆಕ್ಸೈಡಿನ ಒಂದು ಇಂಗಾಲ ಮೊದಲು ಅಂಟಿಕೊಂಡು ಮೂರು ಇಂಗಾಲಗಳ ಮಲೊನೈಲ್ ಆಗುತ್ತದೆ. ಇದು ಸರಪಳಿಗೆ ಸೇರುವಾಗ, ಅಂಟಿಕೊಂಡಿದ್ದ ಇಂಗಾಲ ಮತ್ತೆ ಡೈಆಕ್ಸೈಡಾಗಿ ಹಾರಿಹೋಗುತ್ತದೆ. ಹಾಗೆ ಹಾರಿಹೋಗುವುದೇ ಜೋಡಣೆಯನ್ನು ಮುಂದಕ್ಕೆ ತಳ್ಳುವ ಶಕ್ತಿ. ಪ್ರತಿ ಸುತ್ತಿಗೆ ಎರಡು ಇಂಗಾಲದಂತೆ ಸರಪಳಿ ಬೆಳೆಯುತ್ತದೆ. ಹದಿನಾರು ಇಂಗಾಲಗಳ ಪಾಮಿಟಿಕ್ ಆಮ್ಲಕ್ಕೆ ಏಳು ಸುತ್ತು ಬೇಕು.

1960ರ ದಶಕದ ಮೊದಲ ವರ್ಷಗಳಲ್ಲಿ ರಾಯ್ ವೇಗೆಲೋಸ್ ಮತ್ತು ಸಂಗಡಿಗರು ಈ ಕಥೆಯ ಇನ್ನೊಂದು ಪಾತ್ರವನ್ನು ಎಶ್ಚರೀಶಿಯ ಕೋಲಿ ಬ್ಯಾಕ್ಟೀರಿಯದಲ್ಲಿ ಗುರುತಿಸಿದರು. 1885ರಲ್ಲಿ ಥಿಯೋಡೋರ್ ಎಶ್ಚರಿಶ್ ಅವರು ವಿವರಿಸಿದ, ನಮ್ಮ ಕರುಳಿನಲ್ಲೇ ಇರುವ ಸೂಕ್ಷ್ಮಜೀವಿ ಅದು. ಮುಂದೆ ಇದನ್ನು ಇ. ಕೋಲಿ ಎಂದೇ ಕರೆಯೋಣ. ಬೆಳೆಯುತ್ತಿರುವ ಸರಪಳಿಯನ್ನು ಒಂದು ಪುಟ್ಟ ಪ್ರೋಟೀನ್ ಹಿಡಿದುಕೊಂಡು ಕಿಣ್ವದಿಂದ ಕಿಣ್ವಕ್ಕೆ ಒಯ್ಯುತ್ತದೆ. ಅದನ್ನು ಸರಪಳಿವಾಹಕ ಪ್ರೋಟೀನ್ ಎನ್ನಬಹುದು. ಪ್ರಾಣಿಗಳಲ್ಲಿ ಈ ಎಲ್ಲ ಕೆಲಸಗಳನ್ನು ಒಂದೇ ಬೃಹತ್ ಪ್ರೋಟೀನ್ ಮಾಡುತ್ತದೆ. ಇ. ಕೋಲಿಯಲ್ಲಾದರೋ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಕಿಣ್ವ. ಬಿಡಿಭಾಗಗಳಿರುವ ಯಂತ್ರವನ್ನು ರಿಪೇರಿ ಮಾಡುವುದು ಸುಲಭವಲ್ಲವೆ? ಇ. ಕೋಲಿಯನ್ನು ತಿದ್ದುವುದು ಸುಲಭವಾದದ್ದಕ್ಕೆ ಇದೂ ಒಂದು ಕಾರಣ.

ಗಿರಣಿಯ ಡಬ್ಬಿ ಖಾಲಿ ಮಾಡಿದಾಗ

ಸಾಮಾನ್ಯ ಇ. ಕೋಲಿಯಲ್ಲಿ ಕೊಬ್ಬಿನಂಶ ಅದರ ಒಣತೂಕದ ಸುಮಾರು ಹತ್ತನೆಯ ಒಂದು ಪಾಲು. ಅದೂ ಕೋಶದ ಪೊರೆಯಲ್ಲಿ ಸೇರಿಹೋಗಿರುತ್ತದೆ. ಬ್ಯಾಕ್ಟೀರಿಯ ತನಗೆ ಬೇಕಾದುದಕ್ಕಿಂತ ಹೆಚ್ಚು ಮೇದಾಮ್ಲ ಮಾಡುವುದಿಲ್ಲ. ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಹಿಟ್ಟು ಬೀಳುವ ಡಬ್ಬಿ ತುಂಬಿದರೆ ಗಿರಣಿಯವರು ಕಾಳು ಸುರಿಯುವುದನ್ನು ನಿಲ್ಲಿಸುತ್ತಾರೆ. ಹಾಗೆಯೇ ವಾಹಕ ಪ್ರೋಟೀನಿಗೆ ಅಂಟಿಕೊಂಡ ಉದ್ದನೆಯ ಸರಪಳಿಗಳು ಕೋಶದಲ್ಲಿ ಕೂಡಿಬಿದ್ದರೆ, ಅವು ಆರಂಭದ ಕಿಣ್ವಗಳ ಕೆಲಸವನ್ನು ತಡೆಯುತ್ತವೆ.

1990ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಕ್ರೋನನ್ ಮತ್ತು ಸಹೋದ್ಯೋಗಿಗಳು ಈ ತಡೆಯನ್ನು ಬಿಡಿಸಿ ತೋರಿಸಿದರು. ಇ. ಕೋಲಿಯಲ್ಲಿ ಮೇದಾಮ್ಲವನ್ನು ವಾಹಕದಿಂದ ಕತ್ತರಿಸಬಲ್ಲ ಒಂದು ಕಿಣ್ವವಿದೆ. ಅದರ ಹೆಸರು ಥಯೋಎಸ್ಟರೇಸ್. ಆದರೆ ಅದು ಒಳಪೊರೆಯ ಹೊರಗೆ ಇರುವುದರಿಂದ ಒಳಗಿನ ಸರಪಳಿಗಳು ಅದಕ್ಕೆ ಎಟುಕುವುದಿಲ್ಲ. ಈ ಕಿಣ್ವವನ್ನು ಹೊರಕ್ಕೆ ಕಳುಹಿಸುವುದು ಅದರ ತುದಿಯಲ್ಲಿರುವ ಒಂದು ತುಣುಕು, ಒಂದು ಬಗೆಯ ವಿಳಾಸದ ಚೀಟಿ. ವಿಳಾಸದ ಆ ಭಾಗವನ್ನು ಜೀನಿನಿಂದ ತೆಗೆದುಹಾಕಿದಾಗ ಕಿಣ್ವ ಒಳಗೇ ಉಳಿಯಿತು. ಸರಪಳಿಗಳು ಕತ್ತರಿಸಿಬಿದ್ದವು, ತಡೆ ತಪ್ಪಿತು, ಬಿಡಿ ಮೇದಾಮ್ಲ ಕೋಶದ ಹೊರಗಿನ ದ್ರಾವಣಕ್ಕೂ ಸೋರಿತು.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯದ ಕ್ಯಾಲ್ಜೀನ್ ಕಂಪನಿಯಲ್ಲಿ ಟೋನಿ ವೋಲ್ಕರ್ ಅವರು ಅಲ್ಲಿನ ಬೇ ಮರದ ಥಯೋಎಸ್ಟರೇಸ್ ಜೀನನ್ನು 1994ರಲ್ಲಿ ಇ. ಕೋಲಿಗೆ ಸೇರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಈ ಕಿಣ್ವ ಸರಪಳಿಯನ್ನು ಹನ್ನೆರಡನೆಯ ಇಂಗಾಲದಲ್ಲೇ ಕತ್ತರಿಸುತ್ತದೆ. ಹಾಗೆ ದೊರೆಯುವ ಲಾರಿಕ್ ಆಮ್ಲವು ನಮ್ಮ ತೆಂಗಿನೆಣ್ಣೆಯ ಸುಮಾರು ಅರ್ಧ ಪಾಲು! ತಯಾರಾದ ಮೇದಾಮ್ಲವನ್ನು ಬ್ಯಾಕ್ಟೀರಿಯ ಮತ್ತೆ ತಾನೇ ಉರಿಸಿ ತಿನ್ನದಂತೆ, ಆ ಕೆಲಸದ ಮೊದಲ ಕಿಣ್ವವನ್ನು ಕಳೆದುಕೊಂಡ ತಳಿಯನ್ನು ಅವರು ಆರಿಸಿಕೊಂಡಿದ್ದರು. ಯಾವ ಉದ್ದದ ಸರಪಳಿ ಬೇಕು ಎಂಬುದನ್ನು ಕತ್ತರಿಯ ಆಯ್ಕೆಯಿಂದ ನಿರ್ಧರಿಸಬಹುದು ಎಂಬ ಮುಖ್ಯ ಪಾಠ ಇಲ್ಲಿ ಸಿಕ್ಕಿತು.

ನೀವು ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಬಿಡಿ ಮೇದಾಮ್ಲವೇ ಇಂಧನವಲ್ಲ. ಲಾರಿಕ್ ಆಮ್ಲ 44 ಡಿಗ್ರಿ ಸೆಲ್ಸಿಯಸ್‌ವರೆಗೆ, ಪಾಮಿಟಿಕ್ ಆಮ್ಲ 63 ಡಿಗ್ರಿಯವರೆಗೆ ಗಟ್ಟಿಯಾಗಿಯೇ ಇರುತ್ತವೆ. ಟ್ಯಾಂಕಿನಲ್ಲಿ ಹಾಕುವ ಮೊದಲು ಅವನ್ನು ಎಸ್ಟರ್, ಆಲ್ಕೊಹಾಲ್ ಅಥವಾ ಹೈಡ್ರೊಕಾರ್ಬನ್ನಾಗಿ ಬದಲಾಯಿಸಲೇಬೇಕು.

2010: ಭರವಸೆಯ ವರ್ಷ

2008ರ ಜುಲೈಯಲ್ಲಿ ಕಚ್ಚಾತೈಲದ ಬೆಲೆ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತು. ಪ್ರಯೋಗಾಲಯದ ಕುತೂಹಲ ಒಮ್ಮೆಲೇ ಉದ್ಯಮದ ಆಸೆಯಾಯಿತು. 2010ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಜೇ ಕೀಸ್ಲಿಂಗ್ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟಿಸಿತು. ಅವರ ಇ. ಕೋಲಿ ಸಕ್ಕರೆಯಿಂದ ಮೇದಾಮ್ಲ ಮಾಡುವುದಷ್ಟೇ ಅಲ್ಲ, ತನ್ನೊಳಗೇ ಎಥನಾಲನ್ನೂ ತಯಾರಿಸಿ, ಎರಡನ್ನೂ ಬೆಸೆದು ಎಸ್ಟರ್ ಮಾಡುತ್ತಿತ್ತು. ಅಂದರೆ ಬಯೋಡೀಸೆಲ್ ಕಾರ್ಖಾನೆಯೇ ಕೋಶದೊಳಗೆ! ಅದೇ ವರ್ಷದ ಜುಲೈಯಲ್ಲಿ ಎಲ್‌ಎಸ್9 ಎಂಬ ಕಂಪನಿಯ ವಿಜ್ಞಾನಿಗಳು ಸಯನೋಬ್ಯಾಕ್ಟೀರಿಯದ ಎರಡು ಜೀನುಗಳನ್ನು ಇ. ಕೋಲಿಗೆ ಸೇರಿಸಿ, ಡೀಸೆಲ್ಲಿನಲ್ಲೇ ಇರುವಂತಹ ಆಲ್ಕೇನುಗಳನ್ನು ಪಡೆದುದಾಗಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು.

ಪತ್ರಿಕೆಗಳು ಸಂಭ್ರಮಿಸಿದವು. ಆದರೆ ಕೀಸ್ಲಿಂಗ್ ತಂಡದ ಅಂಕಿ ಇಷ್ಟು: ಒಂದು ಲೀಟರ್ ದ್ರಾವಣದಲ್ಲಿ 674 ಮಿಲಿಗ್ರಾಂ ಎಸ್ಟರ್. ಲೆಕ್ಕದ ಪ್ರಕಾರ ಸಿಗಬಹುದಾದ ಗರಿಷ್ಠದ ಶೇ. 9.4 ಮಾತ್ರ. ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಸಾಧನೆಯೇ. ಉದ್ಯಮಕ್ಕೆ ಇದು ಆರಂಭದ ಮೆಟ್ಟಿಲು ಅಷ್ಟೆ.

ಕ್ವಿಂಟಲ್ ಮೆಕ್ಕೆಜೋಳದ ಲೆಕ್ಕ

ಈ ಗರಿಷ್ಠ ಎಂದರೇನು? ಕಾಗದ ಪೆನ್ಸಿಲ್ ಹಿಡಿದು ನೀವೇ ಲೆಕ್ಕ ಹಾಕಬಹುದು. ಒಂದು ಗ್ಲೂಕೋಸ್ ಅಣುವಿನಲ್ಲಿ ಆರು ಇಂಗಾಲ. ಅದು ಒಡೆದು ಎರಡು ಅಸಿಟೈಲ್ ತುಂಡುಗಳಾಗುವಾಗ ಎರಡು ಇಂಗಾಲ ಡೈಆಕ್ಸೈಡಾಗಿ ಹೋಗುತ್ತದೆ, ಉಳಿಯುವುದು ನಾಲ್ಕು. ಹದಿನಾರು ಇಂಗಾಲಗಳ ಒಂದು ಪಾಮಿಟಿಕ್ ಅಣುವಿಗೆ ಆದ್ದರಿಂದ ನಾಲ್ಕು ಗ್ಲೂಕೋಸ್ ಬೇಕು. ತೂಕದಲ್ಲಿ ಹೇಳುವುದಾದರೆ 720 ಗ್ರಾಂ ಗ್ಲೂಕೋಸಿಗೆ 256 ಗ್ರಾಂ ಪಾಮಿಟಿಕ್ ಆಮ್ಲ. ಅಂದರೆ ಶೇ. 36ಕ್ಕಿಂತ ತುಸು ಕಡಿಮೆ. ಬ್ಯಾಕ್ಟೀರಿಯ ತಾನು ಬೆಳೆಯಲು ಒಂದು ಕಣ ಸಕ್ಕರೆಯನ್ನೂ ಬಳಸದಿದ್ದರೆ ಮಾತ್ರ ಇಷ್ಟು!

ಒಂದು ಕ್ವಿಂಟಲ್ ಮೆಕ್ಕೆಜೋಳದಲ್ಲಿ ಸುಮಾರು 65 ಕಿಲೊ ಪಿಷ್ಟವಿದೆ ಎಂದುಕೊಳ್ಳಿ. ಒಡೆಯುವಾಗ ನೀರು ಸೇರುವುದರಿಂದ ಇದು 72 ಕಿಲೊ ಗ್ಲೂಕೋಸಾಗುತ್ತದೆ. ಅದರಿಂದ ಹೆಚ್ಚೆಂದರೆ 26 ಕಿಲೊ ಮೇದಾಮ್ಲ. ಗರಿಷ್ಠದ ಶೇ. 9.4ರ ಮಟ್ಟದಲ್ಲಾದರೆ ಎರಡೂವರೆ ಕಿಲೊ!

ಹಾಗೆಂದು ಇದು ಶಕ್ತಿಯ ನಷ್ಟವಲ್ಲ ಎಂಬುದನ್ನೂ ಹೇಳಬೇಕು. ಒಂದು ಗ್ರಾಂ ಗ್ಲೂಕೋಸ್ ಉರಿದರೆ ಸುಮಾರು 15.6 ಕಿಲೊಜೌಲ್ ಶಾಖ, ಒಂದು ಗ್ರಾಂ ಪಾಮಿಟಿಕ್ ಆಮ್ಲ ಉರಿದರೆ ಸುಮಾರು 39. ತೂಕ ಮೂರನೆಯ ಒಂದಕ್ಕೆ ಇಳಿದರೂ ಶಕ್ತಿಯ ಹೆಚ್ಚುಪಾಲು ಎಣ್ಣೆಯಲ್ಲಿ ಸಾಂದ್ರವಾಗಿ ಉಳಿಯಬಲ್ಲದು. ತೊಂದರೆ ಇರುವುದು ಬೆಲೆಯಲ್ಲಿ. 2019ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು ಕಿಲೊಗೆ 31 ರೂಪಾಯಿ ಎಂದು ಗೊತ್ತುಪಡಿಸಿತು. ಆ ದರದ ಸಕ್ಕರೆಯಿಂದ ಒಂದು ಕಿಲೊ ಮೇದಾಮ್ಲ ಮಾಡಲು, ಒಂದಿಷ್ಟೂ ಪೋಲಾಗದಿದ್ದರೂ, ಸಕ್ಕರೆಗೇ ಸುಮಾರು 83 ರೂಪಾಯಿ ಬೇಕು. ಗಾಳಿ ಊದುವ, ಕಲಕುವ, ಬೇರ್ಪಡಿಸುವ ಖರ್ಚು ಇದರ ಮೇಲೆ. ಬಂಕಿನಲ್ಲಿ ನೀವು ಕೊಡುವ ಡೀಸೆಲ್ ಬೆಲೆಯಲ್ಲಿ ತೆರಿಗೆಯ ದೊಡ್ಡ ಪಾಲಿದೆ. ಬ್ಯಾಕ್ಟೀರಿಯದ ಎಣ್ಣೆ ಪೈಪೋಟಿ ನಡೆಸಬೇಕಾದುದು ತೆರಿಗೆ ಸೇರದ ಡೀಸೆಲ್ಲಿನೊಂದಿಗೆ.

2016ರ ಜನವರಿಯಲ್ಲಿ ಕಚ್ಚಾತೈಲ ಬ್ಯಾರೆಲ್ಲಿಗೆ 30 ಡಾಲರಿಗಿಂತ ಕೆಳಗಿಳಿಯಿತು. ಅದಕ್ಕೆ ಮೊದಲೇ, 2014ರ ಜನವರಿಯಲ್ಲಿ, ಎಲ್‌ಎಸ್9 ಕಂಪನಿ ಬಯೋಡೀಸೆಲ್ ತಯಾರಕರಾದ ರಿನ್ಯೂಯಬಲ್ ಎನರ್ಜಿ ಗ್ರೂಪಿನ ಪಾಲಾಗಿತ್ತು. ಈ ಕ್ಷೇತ್ರದ ಗಮನ ಇಂಧನದಿಂದ ಸಾಬೂನು, ಮಾರ್ಜಕ, ಸೌಂದರ್ಯವರ್ಧಕಗಳಿಗೆ ಬೇಕಾದ ಮೇದ ಆಲ್ಕೊಹಾಲುಗಳತ್ತ ಹೊರಳಿತು. ಕಡಿಮೆ ಪ್ರಮಾಣಕ್ಕೆ ಹೆಚ್ಚು ಬೆಲೆ ಸಿಗುವುದು ಅಲ್ಲಿ. ನಮ್ಮ ದೇಶದಲ್ಲಿ ಹೊಸದೆಹಲಿಯ ಅಂತರರಾಷ್ಟ್ರೀಯ ತಳಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ ಸೈಯದ್ ಶಮ್ಸ್ ಯಜ್ದಾನಿ ಅವರ ತಂಡವೂ ಇ. ಕೋಲಿಯಿಂದ ಆಲ್ಕೇನ್ ಮತ್ತು ಮೇದ ಆಲ್ಕೊಹಾಲುಗಳನ್ನು ಪಡೆಯುವ ಕೆಲಸ ಮಾಡಿದೆ.

ಬೆಂಗಳೂರಿನ ಇನ್ನೊಂದು ದಾರಿ

ಸಕ್ಕರೆಯಿಂದಲೇ ಆರಂಭಿಸಬೇಕೆ? ಮೇದಾಮ್ಲ ಎಣ್ಣೆಗಳಲ್ಲಿ ಹೇಗೂ ಇದೆ. ಅದನ್ನು ಇಂಧನವಾಗಿ ಬದಲಿಸುವ ಕೊನೆಯ ಹೆಜ್ಜೆಯನ್ನಷ್ಟೇ ಬ್ಯಾಕ್ಟೀರಿಯಕ್ಕೆ ವಹಿಸಿದರೆ? ಭಾರತೀಯ ವಿಜ್ಞಾನ ಸಂಸ್ಥೆಯ ಅಕಾರ್ಬನಿಕ ಮತ್ತು ಭೌತ ರಸಾಯನಶಾಸ್ತ್ರ ವಿಭಾಗದ ದೇಬಾಸಿಸ್ ದಾಸ್ ಅವರ ತಂಡ ಹಿಡಿದ ದಾರಿ ಇದು. ಹೊಂಗೆ ಎಣ್ಣೆಯ ‘ಸೂತ್ರ’ ನೇಯ್ದ ಸಂಸ್ಥೆಯಲ್ಲೇ, ಒಂದು ತಲೆಮಾರಿನ ಬಳಿಕ.

2015ರಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯದಲ್ಲಿ ‘ಅಂಡ್‌ಬಿ’ ಎಂಬ ಕಿಣ್ವ ಪತ್ತೆಯಾಗಿತ್ತು. ಅದು ಮೇದಾಮ್ಲದ ಆಮ್ಲ ತುದಿಯನ್ನು ಡೈಆಕ್ಸೈಡಾಗಿ ಕಳಚಿ, ಒಂದು ಇಂಗಾಲ ಕಡಿಮೆಯಿರುವ ಆಲ್ಕೀನ್ ಕೊಡುತ್ತದೆ. ಲಾರಿಕ್ ಆಮ್ಲದ ಹನ್ನೆರಡು ಇಂಗಾಲ ಹೀಗೆ ಹನ್ನೊಂದಾಗುತ್ತದೆ. ಆಲ್ಕೀನ್ ಹೈಡ್ರೊಕಾರ್ಬನ್ ಆದ್ದರಿಂದ ಇಂಧನಕ್ಕೂ ಸೈ, ಪಾಲಿಮರ್ ಮತ್ತು ಮಾರ್ಜಕಗಳ ತಯಾರಿಕೆಗೂ ಸೈ. ಆದರೆ ಈ ಕಿಣ್ವ ಕೋಶದ ಪೊರೆಯಲ್ಲಿ ಹೂತಿರುತ್ತದೆ, ಬೇರ್ಪಡಿಸುವುದು ಕಷ್ಟ. ಬೇರ್ಪಡಿಸಿದರೂ ಕೆಲವೇ ಬಾರಿ ಕೆಲಸ ಮಾಡಿ ಸೋಲುತ್ತದೆ.

ಸೋಲುವುದೇಕೆ ಎಂದು ತಂಡ ಹುಡುಕಿತು. ಕ್ರಿಯೆಯಲ್ಲೇ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಕಿಣ್ವವನ್ನು ಹಾಳುಮಾಡುತ್ತಿತ್ತು. ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಕಿಣ್ವ ಕೆಟಲೇಸ್ ನಿಮಗೆ ಶಾಲೆಯ ಪ್ರಯೋಗದಿಂದ ನೆನಪಿರಬಹುದು. ಆಲೂಗಡ್ಡೆಯ ಹೋಳಿನ ಮೇಲೆ ಪೆರಾಕ್ಸೈಡ್ ಹಾಕಿದರೆ ನೊರೆ ಬರುವುದು ಅದರಿಂದಲೇ. ಕೆಟಲೇಸ್ ಸೇರಿಸಿದಾಗ ಅಂಡ್‌ಬಿ 14 ಆವರ್ತಗಳ ಬದಲು 265 ಆವರ್ತಗಳವರೆಗೆ ದುಡಿಯಿತು. ಅಂದರೆ ಸುಮಾರು 19 ಪಟ್ಟು. ಮುಂದೆ ಎರಡೂ ಕಿಣ್ವಗಳ ಜೀನುಗಳನ್ನು ಒಂದಾಗಿ ಬೆಸೆದು ಇ. ಕೋಲಿಗೆ ಸೇರಿಸಲಾಯಿತು. ಎಲೆಕ್ಟ್ರಾನು ಪೂರೈಸುವ ಜೊತೆಗಾರ ಪ್ರೋಟೀನುಗಳಲ್ಲಿ ಹೊಂದುವುದನ್ನು ಆರಿಸಿಕೊಟ್ಟಾಗ, ಆ ಕೋಶಗಳು ತಮಗೆ ಒದಗಿಸಿದ ಮೇದಾಮ್ಲದ ಶೇ. 95ರವರೆಗೆ ಆಲ್ಕೀನಾಗಿ ಬದಲಿಸಿದವು. ಈ ಕೆಲಸ 2024ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಶೇ. 95ನ್ನು ಹಿಂದಿನ ಶೇ. 9.4ರೊಂದಿಗೆ ನೇರವಾಗಿ ಹೋಲಿಸಬೇಡಿ. ಅಲ್ಲಿ ಆರಂಭ ಸಕ್ಕರೆಯಿಂದ, ಇಲ್ಲಿ ಮೇದಾಮ್ಲದಿಂದ. ಬೆಟ್ಟವನ್ನು ಬುಡದಿಂದ ಹತ್ತುವುದೇ ಬೇರೆ, ಅರ್ಧದಿಂದ ಹತ್ತುವುದೇ ಬೇರೆ. ಆದರೆ ಅರ್ಧದವರೆಗೆ ಹೋಗಲು ರಸ್ತೆಯಿದ್ದರೆ ಬುಡದಿಂದಲೇ ಹತ್ತಬೇಕೆಂಬ ಹಟ ಏಕೆ? ಕರಿದು ಉಳಿದ ಅಡುಗೆ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವ ಕಾರ್ಯಕ್ರಮವನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಆರಂಭಿಸಿತು. ಅಂತಹ ಎಣ್ಣೆ, ಹೊಂಗೆ ಎಣ್ಣೆ ಎರಡೂ ಮೇದಾಮ್ಲದ ಗಣಿಗಳೇ. ಇಲ್ಲಿ ಒಂದು ತೊಡಕಿದೆ: ಹೊಂಗೆಯ ಮುಖ್ಯ ಮೇದಾಮ್ಲವಾದ ಒಲೆಯಿಕ್‌ನಲ್ಲಿ ಹದಿನೆಂಟು ಇಂಗಾಲ, ಅಂಡ್‌ಬಿ ಕಿಣ್ವಕ್ಕೆ ಒಗ್ಗುವುದು ಲಾರಿಕ್‌ನಂತಹ ಮಧ್ಯಮ ಸರಪಳಿಗಳು. ಕಿಣ್ವವನ್ನು ನಮ್ಮ ಎಣ್ಣೆಗೆ ಒಗ್ಗಿಸುವುದು ಮುಂದಿನವರ ಕೆಲಸ.

ತಿದ್ದಿದ ಬ್ಯಾಕ್ಟೀರಿಯ ಹೊರಬಂದರೆ ಗತಿಯೇನು ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 1989ರಲ್ಲಿ ರೂಪಿಸಿದ ನಿಯಮಗಳು ಇಂತಹ ಜೀವಿಗಳ ತಯಾರಿಕೆ, ಬಳಕೆ, ಸಂಗ್ರಹಣೆಗಳನ್ನು ನಿಯಂತ್ರಿಸುತ್ತವೆ. ಬ್ಯಾಕ್ಟೀರಿಯವನ್ನು ಬೆಳೆಸುವುದು ಮುಚ್ಚಿದ ತೊಟ್ಟಿಗಳಲ್ಲಿ, ಹೊಲದಲ್ಲಲ್ಲ.

ಮೆಕ್ಕೆಜೋಳ ಬೆಳೆಯುವವರಿಗೆ ಇದರಲ್ಲಿ ಏನಿದೆ?

ಭಾರತ ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಪಾಲನ್ನು ಆಮದು ಮಾಡಿಕೊಳ್ಳುತ್ತದೆ. ಪೆಟ್ರೋಲಿಗೆ ಎಥನಾಲ್ ಬೆರೆಸುವ ನೀತಿಯಿಂದಾಗಿ ಮೆಕ್ಕೆಜೋಳ ಈಗಾಗಲೇ ಇಂಧನದ ಕಚ್ಚಾವಸ್ತು. ಎಥನಾಲ್ ಮಾಡುವ ಯೀಸ್ಟಿಗೆ ಗಾಳಿ ಊದುವ ಖರ್ಚಿಲ್ಲ. 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಎಥನಾಲ್ ಸಿಗಬಲ್ಲದು. ಅದೇ ಕಾಳಿನಿಂದ ಮೇದಾಮ್ಲ ಮಾಡಿ ಡೀಸೆಲ್ಲಿನ ಬದಲು ಉರಿಸುವುದು ಇಂದಿನ ಲೆಕ್ಕದಲ್ಲಿ ಗಿಟ್ಟುವುದಿಲ್ಲ. ಕಾಳು ಕೋಳಿ, ದನಗಳ ಮೇವಿಗೂ ಮನುಷ್ಯರ ಆಹಾರಕ್ಕೂ ಬೇಕು. ಆದರೆ ಕಾಳು ಬಿಡಿಸಿದ ಮೇಲೆ ಉಳಿಯುವ ದಂಟು, ಬೆಂಡುಗಳಲ್ಲೂ ಸಕ್ಕರೆ ಬಂಧಿತವಾಗಿದೆ. ಕೀಸ್ಲಿಂಗ್ ತಂಡ 2010ರಲ್ಲೇ ತನ್ನ ಬ್ಯಾಕ್ಟೀರಿಯಕ್ಕೆ ಇಂತಹ ನಾರಿನ ಒಂದು ಭಾಗವನ್ನು ಒಡೆಯುವ ಕಿಣ್ವಗಳನ್ನೂ ಕೊಟ್ಟು ನೋಡಿತ್ತು. ಆ ಸಕ್ಕರೆ ಅಗ್ಗವಾಗಿ ಬಿಡುಗಡೆಯಾದ ದಿನ ಲೆಕ್ಕ ಬದಲಾದೀತು.

ಈ ನೂರು ವರ್ಷಗಳ ಕಥೆ ನಮಗೆ ಹೇಳುವುದಿಷ್ಟು. ಬ್ಯಾಕ್ಟೀರಿಯಕ್ಕೆ ಎಣ್ಣೆ ಮಾಡಲು ಕಲಿಸುವುದು ಸಾಧ್ಯವೆ ಎಂಬ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿದೆ. ಉಳಿದಿರುವ ಪ್ರಶ್ನೆ, ಅದಕ್ಕೆ ಏನನ್ನು ತಿನ್ನಿಸಬೇಕು ಎಂಬುದು. ಮುಂದೆ ‘ಸೂಕ್ಷ್ಮಜೀವಿಯಿಂದ ಡೀಸೆಲ್’ ಎಂಬ ಸುದ್ದಿ ಓದಿದಾಗ ಮೂರು ವಿಷಯ ಹುಡುಕಿ: ಆಹಾರವಾಗಿ ಕೊಟ್ಟದ್ದು ಏನು, ಒಂದು ಲೀಟರಿನಲ್ಲಿ ಸಿಕ್ಕಿದ್ದು ಎಷ್ಟು ಗ್ರಾಂ, ಅದು ಗರಿಷ್ಠದ ಶೇಕಡಾ ಎಷ್ಟು. ಈ ಮೂರೂ ಸುದ್ದಿಯಲ್ಲಿ ಇದ್ದರೆ ಅದನ್ನು ಗಂಭೀರವಾಗಿ ಓದಿ. ಇಲ್ಲದಿದ್ದರೆ ಇನ್ನಷ್ಟು ವಿವರ ಬರುವವರೆಗೆ ಕಾಯಿರಿ.